ಕಂಪಲಾಪುರದ ಗೋಣಿಯಲ್ಲಿದ್ದ ರ‍್ಯಾಮ್

ಆ ತಿಂಗಳು ರ‍್ಯಾಮ್ ಬೆಲೆ ಕೇಳಿಕೊಂಡು ಬಂದವರಿಗೆ ನಾನು ಮೊದಲು ಕುರ್ಚಿ ತೋರಿಸಿ, ಅವರು ಕೂತ ಮೇಲೆ ಬೆಲೆ ಹೇಳುತ್ತಿದ್ದೆ. ನಿಂತವರಿಗೆ ಹೇಳಿದರೆ ಜಗಳಕ್ಕೇ ಬರುತ್ತಿದ್ದರು. 'ಓದ್ ವರ್ಸ ಇದ್ನೇ ನೀವೇ ಆಕ್ಕೊಟ್ರಲ್ಲಕ್ಕ, ಈಗೇನ್ ಚಿನ್ನದ ನೀರು ಕುಡ್ಸಿದ್ದೀರಾ?' ಎಂದು ಬಿಳಿಕೆರೆಯ ಜೆರಾಕ್ಸ್ ಅಂಗಡಿಯವನು ಮುಖಕ್ಕೇ ಹೇಳಿ ಹೋದ. ಎಐಗೆ ಬೇಕೆಂದು ದೊಡ್ಡ ದೊಡ್ಡ ಕಂಪನಿಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡವು, ಬೈಗುಳ ಮಾತ್ರ ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ನನಗೆ. ಮೈಸೂರಿನ ಹೋಲ್‌ಸೇಲಿನವನಿಗೆ ಬೆಳಿಗ್ಗೆ ಫೋನ್ ಮಾಡಿದರೆ ಒಂದು ಬೆಲೆ, ಊಟ ಮಾಡಿ ಮತ್ತೆ ಮಾಡಿದರೆ ಇನ್ನೊಂದು. ನನಗೂ ತಲೆ ಕೆಟ್ಟು ಹೋಗಿತ್ತು.

ಅಂಥ ಹೊತ್ತಿನಲ್ಲಿ ಎಚ್.ಡಿ. ಕೋಟೆಯಿಂದ ಮೇಡಂ ಬಂದರು. ಅವರು ಅಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾರೆ. ಕೆಳಗೆ ಅವರ ಯಜಮಾನರ ಟೈಲರಿಂಗ್ ಅಂಗಡಿ, ಮೇಲೆ ಇವರ ಕೇಂದ್ರ. ಅಲ್ಲಿನ ಇಪ್ಪತ್ತನಾಲ್ಕು ಕಂಪ್ಯೂಟರುಗಳನ್ನೂ ಜೋಡಿಸಿಕೊಟ್ಟವಳು ನಾನೇ. ಕುರ್ಚಿ ತೋರಿಸಿದರೆ ಮೇಡಂ ಕೂರಲಿಲ್ಲ.

'ಅಕ್ಕ, ಆನ್‌ಲೈನ್ ಪರೀಕ್ಷೆ ನಡೆಸೋ ಏಜೆನ್ಸಿಯವರು ನಮ್ ಸೆಂಟರ್ ನೋಡಕ್ಕೆ ಸೋಮವಾರ ಬರ್ತಾರಂತೆ. ಇಪ್ಪತ್ನಾಕು ಸಿಸ್ಟಮ್ಮಲ್ಲೂ ಎಂಟು ಜಿಬಿ ರ‍್ಯಾಮ್ ಇರ್ಲೇಬೇಕಂತೆ. ನಮ್ದೆಲ್ಲಾ ನಾಕು.'

'ಒಂದೆರಡು ಕಮ್ಮಿ ಇದ್ರೆ?'

'ಒಂದ್ ಕಮ್ಮಿ ಇದ್ರೂ ಕ್ಯಾನ್ಸಲ್. ಮತ್ತೆ ಎಲ್ರೂ ಮೈಸೂರಿಗೇ ಹೋಗ್ಬೇಕು.'

ಮೈಸೂರಿಗೆ ಹೋಗಿ ಬರೆದರೇನು ಎಂದು ಕೇಳಬೇಡಿ. ಅವರ ಹತ್ತಿರ ಕಲಿಯುವ ಹೆಣ್ಣುಮಕ್ಕಳು ಅಂತರಸಂತೆಯ ಆಚೆಯಿಂದ, ಕಾಕನಕೋಟೆಯ ಕಾಡಂಚಿನಿಂದ ಬರುವವರು. ಅವರಲ್ಲಿ ಒಬ್ಬಳ ಬಗ್ಗೆ ಮೇಡಂ ಅವತ್ತು ಹೇಳಿದರು. ಕಣ್ಣು ಮುಚ್ಚಿಕೊಂಡು ಕನ್ನಡ ಟೈಪ್ ಮಾಡುತ್ತಾಳಂತೆ. ಹಿಂದಿನ ವರ್ಷ ಮೈಸೂರಿನ ಕೇಂದ್ರಕ್ಕೆಂದು ಕತ್ತಲಲ್ಲೇ ಎದ್ದು ಮೊದಲ ಬಸ್ಸು ಹತ್ತಿದ್ದಾಳೆ. ರಸ್ತೆಗೆ ಆನೆ ಬಂದು, ಅದು ದಾಟುವವರೆಗೂ ಬಸ್ಸು ಅಲ್ಲಾಡಿಲ್ಲ. ಮೈಸೂರು ಮುಟ್ಟುವ ಹೊತ್ತಿಗೆ ಪರೀಕ್ಷೆ ಶುರುವಾಗಿ ಗೇಟು ಹಾಕಿದ್ದರು. ತಾಯಿ ಮಗಳು ಅಲ್ಲೇ ಫುಟ್‌ಪಾತಿನಲ್ಲಿ ಕೂತು ಅತ್ತು ವಾಪಸ್ ಬಂದರಂತೆ. 'ಈ ಸರ್ತಿ ಮೈಸೂರು ಅಂದ್ರೆ ಅವ್ರಪ್ಪ ಕಳ್ಸಲ್ಲ ಅಕ್ಕ. ನಮ್ ಕೋಟೇಲೇ ಆದ್ರೆ ಮಾತ್ರ ಅಂದ್ಬಿಟ್ಟಿದ್ದಾರೆ' ಎಂದರು ಮೇಡಂ.

ಹೊಸ ರ‍್ಯಾಮ್ ಹಾಕುವುದು ಅವರ ಕೈಲಾಗುವ ಮಾತಾಗಿರಲಿಲ್ಲ. ಬೆಲೆ ಕೇಳಿ ಅವರು ಆಮೇಲೆ ಕುರ್ಚಿಯಲ್ಲಿ ಕೂತರು.

ಸೆಕೆಂಡ್ ಹ್ಯಾಂಡ್ ಎಲ್ಲಾದರೂ ಸಿಗುತ್ತದೇನೋ ಎಂದು ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚಿದೆ. ಕೆ.ಆರ್. ನಗರದವನು ನಕ್ಕು ಇಟ್ಟುಬಿಟ್ಟ. ಪಿರಿಯಾಪಟ್ಟಣದವನು, 'ಕಂಪಲಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟವ್ನಲ್ಲ, ಅವುನ್ತಾವ ಒಂದು ಲಾಟ್ ಬಂದದೆ ಕಣಕ್ಕ' ಎಂದ. ಕಂಪಲಾಪುರದವನಿಗೆ ಮಾಡಿದೆ. ಬೆಂಗಳೂರಿನಲ್ಲಿ ಯಾವುದೋ ಆಫೀಸು ಮುಚ್ಚಿತಂತೆ, ಅಲ್ಲಿನ ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿದ ಮಾಲು ಅವನ ಭಾವಮೈದನ ಕೈಗೆ ಬಂದು, ಅಲ್ಲಿಂದ ಇವನಿಗೆ ಬಂದಿದೆ. ಎಲ್ಲವೂ ಎಂಟು ಜಿಬಿ. ಬೆಲೆ ಅಂಗಡಿ ಬೆಲೆಯ ಅರ್ಧಕ್ಕಿಂತ ಕಮ್ಮಿ. ಆದರೆ ಎರಡು ಕರಾರು. ಇಡೀ ಲಾಟ್ ಎತ್ತಬೇಕು, ಎತ್ತಿದ ಮೇಲೆ ವಾಪಸ್ ಇಲ್ಲ.

'ಸಂಜೀಕೆ ಕೇರಳದ ಪಾರ್ಟಿ ಬತ್ತಾವ್ನೆ ಕಣಕ್ಕ. ಬ್ಯಾಕಾದ್ರೆ ಅಷ್ಟ್ರೊಳಗೇ ಬಂದ್ಬುಡಿ.'

ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾವಾಗಲೂ ಒಬ್ಬ ಪಾರ್ಟಿ ಬರುತ್ತಲೇ ಇರುತ್ತಾನೆ, ಅವನ ಮುಖ ಮಾತ್ರ ಯಾರೂ ಕಂಡಿರುವುದಿಲ್ಲ. ಆದರೂ ಹೊರಟೆವು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ನನ್ನ ಟೆಸ್ಟ್ ಬೋರ್ಡ್ ಇಟ್ಟುಕೊಂಡೆ. ಅಂದರೆ ಡಬ್ಬಿಯಿಲ್ಲದ ಬರಿಯ ಕಂಪ್ಯೂಟರು: ಬೋರ್ಡು, ಅದರ ಮೇಲೆ ಪ್ರೊಸೆಸರು, ಪಕ್ಕದಲ್ಲಿ ಪವರ್ ಸಪ್ಲೈ. ಬಸ್ಸಿನ ಕಂಡಕ್ಟರು ಬುಟ್ಟಿಯೊಳಗೆ ಇಣುಕಿ, 'ಏನಕ್ಕ, ಬಾಂಬಾ?' ಎಂದು ಲಗೇಜಿನ ಟಿಕೆಟ್ ಹಾಕದೆ ಬಿಟ್ಟ.

ಅವನ ಮನೆ ಅಂಗಡಿಯ ಹಿಂದೆಯೇ. ಜಗಲಿಯ ಮೇಲೆ ಅವನ ತಾಯಿ ಅವರೆಕಾಯಿ ಸುಲಿಯುತ್ತಿದ್ದರು. ಹುಡುಗ ಒಳ್ಳೆಯವನೇ, ಮೂವತ್ತೈದರ ಆಸುಪಾಸು, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಗೋಣಿ ಬಟ್ಟೆಯ ತಾಟಿನಲ್ಲಿ ಸುತ್ತಿ ಹೊಲಿದು ಇಟ್ಟಿದ್ದ. ಹೊಲಿಗೆ ಬಿಚ್ಚಿ ಮೇಲಿನ ಸಾಲು ತೋರಿಸಿದ. ಬೆಳ್ಳಿ ಬಣ್ಣದ ಕವರಿನಲ್ಲಿ ಒಂದೊಂದೂ ಅಚ್ಚುಕಟ್ಟಾಗಿ ಕೂತಿತ್ತು.

'ತಗೊಳಿ, ಯಾವ್ದ್ ಬೇಕೋ ಆಕ್ ನೋಡಿ. ಇಂತಾ ಮಾಲು ನಿಮ್ಗೆ ಮೈಸೂರ್ನಾಗೂ ಸಿಗಾಕಿಲ್ಲ.'

ಮೇಲಿನಿಂದ ಒಂದು ತೆಗೆದು ಬೋರ್ಡಿಗೆ ಕೂರಿಸಿ ಸ್ವಿಚ್ ಒತ್ತಿದೆ. ಅವನ ಅಂಗಡಿಯ ಮಾನಿಟರಿನಲ್ಲಿ ಎಂಟು ಜಿಬಿ ಎಂದು ಬಂತು. ಇನ್ನೊಂದು ಹಾಕಿದೆ, ಬಂತು. ಮತ್ತೊಂದು, ಅದೂ ಬಂತು. ಮೇಡಂ ಮುಖ ಅರಳಿತು. 'ಆಯ್ತಲ್ಲ ಅಕ್ಕ, ತಗೊಂಬಿಡಾಣ' ಎಂದು ಬ್ಯಾಗಿನ ಜಿಪ್ಪಿಗೆ ಕೈ ಹಾಕಿದರು. ನನಗೂ 'ಹೂಂ' ಎನ್ನುವ ಮಾತು ಗಂಟಲಿಗೆ ಬಂದಿತ್ತು. ಸೋಮವಾರದ ಭಯ ಹಾಗಿತ್ತು.

ನನ್ನನ್ನು ತಡೆದದ್ದು ಆ ಗೋಣಿ ತಾಟು. ನನ್ನ ತವರು ಹೊಗೆಸೊಪ್ಪು ಬೆಳೆಯುವ ಮನೆ. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿ ಕೋಣೆಯಲ್ಲಿ, ಬೇಯಿಸಿದ ಎಲೆಯನ್ನು ಬಣ್ಣ ನೋಡಿ ಗ್ರೇಡ್ ಮಾಡುವ ಕೆಲಸ ಹೆಂಗಸರದು. ಆಮೇಲೆ ಇಂಥದ್ದೇ ತಾಟಿನಲ್ಲಿ ದೊಡ್ಡ ಮೂಟೆಯಾಗಿ ಬೇಲ್ ಕಟ್ಟಿ ಹರಾಜಿಗೆ ಒಯ್ಯುತ್ತಾರೆ. ಹರಾಜಿನ ಕಟ್ಟೆಯಲ್ಲಿ ಕೊಳ್ಳುವವನು ಬೇಲಿನ ಮೇಲ್ಭಾಗ ನೋಡುವುದೇ ಇಲ್ಲ. ತೋಳಿನವರೆಗೆ ಕೈ ತೂರಿಸಿ ಹೊಟ್ಟೆಯಿಂದ ಎಲೆ ಎಳೆಯುತ್ತಾನೆ. ಮೇಲೆ ಒಂದು ಬಣ್ಣ, ಒಳಗೆ ಇನ್ನೊಂದು ಬಣ್ಣ ಬಂತೋ, ಕೂಗಿದ ಬೆಲೆ ಅಲ್ಲಿಗೇ ರದ್ದು. ರೈತ ಅದಕ್ಕೆ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಬೇಲು ವಾಪಸ್ ಒಯ್ದು, ಬಿಚ್ಚಿ, ಬೇರೆ ಬೇರೆ ಮಾಡಿ ಮತ್ತೆ ತರಬೇಕು. ಹುಟ್ಟಿದಾಗಿನಿಂದ ಅದನ್ನು ನೋಡಿದವಳು ನಾನು, ರ‍್ಯಾಮಿನ ಪೆಟ್ಟಿಗೆಯಲ್ಲಿ ಮೇಲಿನ ಮೂರು ನೋಡಿ ಸುಮ್ಮನಾಗುತ್ತಿದ್ದೆನಲ್ಲ!

ಸೀರೆ ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಹೊಟ್ಟೆಗೆ ಕೈ ತೂರಿಸಿದೆ. ತಳದಿಂದ ಎರಡು ಎಳೆದೆ.

'ಅದ್ಯಾಕಕ್ಕ, ಎಲ್ಲಾ ಒಂದೇಯ' ಎಂದ ಅವನು.

'ಒಂದೇ ಆದ್ರೆ ನಿಂಗೇನಪ್ಪ ನಷ್ಟ?'

ಹಾಕಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಎರಡನೆಯದೂ ಅಷ್ಟೇ. ಮೊದಲಿನದನ್ನು ಹಾಕಿದರೆ ಮತ್ತೆ ಸರಿ. ಬೋರ್ಡಿನ ತಪ್ಪಲ್ಲ. ತಳದ್ದನ್ನು ಬೆಳಕಿಗೆ ಹಿಡಿದು ನೋಡಿದೆ. ಮಾಮೂಲಿ ಕಂಪ್ಯೂಟರಿನ ರ‍್ಯಾಮಿನಲ್ಲಿ ಎಂಟು ಕರಿ ಚಿಪ್ಪು ಸಾಲಾಗಿ ಇರುತ್ತವೆ. ಇದರಲ್ಲಿ ಒಂಬತ್ತು, ನಡುವೆ ಇನ್ನೊಂದು ಪುಟ್ಟದು. ಸರ್ವರಿನ ರ‍್ಯಾಮ್! ಅಳತೆ ಅದೇ, ಕೆಳಗಿನ ಕಚ್ಚೂ ಅದೇ ಜಾಗದಲ್ಲಿ, ಸ್ಲಾಟಿನಲ್ಲಿ ಟಕ್ಕೆಂದು ಕೂರುತ್ತದೆ. ಆದರೆ ಮೇಡಂ ಅವರ ಕಂಪ್ಯೂಟರಿನಲ್ಲಿ ಏಳೇಳು ಜನ್ಮಕ್ಕೂ ಓಡುವುದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. 'ಏನಪ್ಪ ಇದು? ಮೇಲ್ ಒಂದು, ಒಳಗ್ ಒಂದು ಇಟ್ಟು ನಮ್ ತಲೆ ಬೋಳಿಸಕ್ಕೆ ಕೂತಿದ್ದೀಯಾ?'

ಅವನು ಬೆಪ್ಪಾಗಿ ನಿಂತ. ಅವನ ಮುಖ ನೋಡಿದರೆ ಇವನಿಗೇ ಗೊತ್ತಿಲ್ಲ ಅನ್ನುವುದು ಕಾಣುತ್ತಿತ್ತು. 'ನಮ್ಮವ್ವನಾಣೆ ಕಣಕ್ಕ, ನಂಗ್ ಗೊತ್ತಿಲ್ಲ. ಎಲ್ಲಾ ಎಂಟ್ ಜಿಬಿ ಅಂತಾನೇ ಬರ್ದದೆ ನೋಡಿ. ಅಯ್ಯೋ, ನಾನ್ ಕೆಟ್ಟೆ!'

ಅಲ್ಲಿಂದ ಎದ್ದು ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಏಳಲಿಕ್ಕೂ ಹೊರಟಿದ್ದೆ. ಮೇಡಂ ಕೂತಲ್ಲೇ ಕೂತಿದ್ದರು, ಬ್ಯಾಗಿನ ಜಿಪ್ಪು ತೆರೆದದ್ದು ತೆರೆದೇ ಇತ್ತು. ಆಗ ಅವನ ತಾಯಿ ಮೊರ ಬದಿಗಿಟ್ಟು ಕೇಳಿದರು: 'ನಮ್ಮ ಒಗೆಸೊಪ್ಪಾಗಿದ್ರೆ ಏನ್ಲಾ ಮಾಡ್ತಿದ್ದೆ?'

ಅವನು ತಲೆ ಕೆರೆದುಕೊಂಡ. 'ಗ್ರೇಡ್ ಮಾಡ್ಕೊಂಡು ಮತ್ತೆ ತತ್ತಿದ್ದೆ.'

'ಮಾಡು ಮತ್ತೆ. ಬಾಯಿ ಬುಟ್ಕಂಡು ನಿಂತವ್ನೆ!'

ನಾನು ಮತ್ತೆ ಕೂತೆ. 'ನೋಡಪ್ಪ, ಲಾಟ್ ನಂಗೆ ಬೇಡ. ಬೇರೆ ಬೇರೆ ಮಾಡಿಕೊಡ್ತೀನಿ. ನಮ್ಮ ಮೆಷಿನ್‌ನಲ್ಲಿ ಓಡೋದನ್ನ ಟೆಸ್ಟ್ ಮಾಡಿ, ನಿನ್ ರೇಟಿಗೇ ತಗೋತೀನಿ. ಮಿಕ್ಕಿದ್ದು ನಿಂದು. ಆಗ್ತದಾ?'

'ಮಿಕ್ಕಿದ್ದ ಮಡೀಕಂಡು ನಾನೇನ್ ಮಾಡ್ಲಕ್ಕ? ತಿಪ್ಪೆಗ್ ಸುರೀಲಾ?'

ತಿಪ್ಪೆಗೆ ಹಾಕು ಎಂದು ಹೇಳಿ ಆಮೇಲೆ ನಾನೇ ಪುಡಿಗಾಸಿಗೆ ಎತ್ತಬಹುದಿತ್ತು. ಆದರೆ ನನ್ನ ಬಾಯಿ ಅಷ್ಟು ಹೊತ್ತು ಸುಮ್ಮನಿರುವಂಥದ್ದಲ್ಲ. 'ಲೋ, ಅದು ಕಸ ಅಲ್ಲ ಕಣೋ. ಬೇರೆ ಗ್ರೇಡು ಅಷ್ಟೇ. ಸರ್ವರ್ ಇಟ್ಟೋರು ಹುಡುಕ್ಕೊಂಡ್ ತಗೋತಾರೆ' ಎಂದೆ. ಬೆಂಗಳೂರಿನಲ್ಲಿ ಹಳೆಯ ಸರ್ವರ್ ವ್ಯಾಪಾರ ಮಾಡುವ ಒಬ್ಬರು ನನಗೆ ಗೊತ್ತಿದ್ದರು. ಅಲ್ಲಿಂದಲೇ ಫೋನ್ ಮಾಡಿ ಅವನ ಕೈಗೆ ಕೊಟ್ಟೆ. ಮಾತಾಡುತ್ತ ಆಡುತ್ತ ಅವನ ಬೆನ್ನು ನೆಟ್ಟಗಾಯಿತು. ಫೋನ್ ಇಟ್ಟವನೇ, 'ಎಲ್ಲಾನೂ ತಗತೀವಿ ಅಂದ್ರು ಕಣಕ್ಕ! ರೇಟೂ ವಸಿ ಜಾಸ್ತೀನೇ ಅದೆ!' ಎಂದ. ಕೇರಳದ ಪಾರ್ಟಿಯ ಸುದ್ದಿ ಆಮೇಲೆ ಬರಲೇ ಇಲ್ಲ.

ನಾಲ್ಕೂ ಜನ ಜಗಲಿಯ ಮೇಲೆ ಸುತ್ತ ಕೂತೆವು. ಮೈಯಲ್ಲಿನ ಸ್ಟ್ಯಾಟಿಕ್ ಕರೆಂಟು ತಗುಲಿದರೆ ಚಿಪ್ಪು ಸತ್ತೇ ಹೋಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಚಾಪೆ ಎತ್ತಿಸಿ, ಎಲ್ಲರೂ ಕಿಟಕಿಯ ಕಬ್ಬಿಣ ಮುಟ್ಟಿ ಬನ್ನಿ ಎಂದೆ. ಮೇಡಂ ನೈಲಾನ್ ದುಪಟ್ಟಾ ತೆಗೆದು ಬದಿಗಿಟ್ಟು, ನನ್ನ ಹತ್ತಿ ಟವೆಲ್ ತಲೆಗೆ ಸುತ್ತಿಕೊಂಡರು. ಅಂಚು ಮಾತ್ರ ಹಿಡಿಯಬೇಕು, ಹಿತ್ತಾಳೆ ಬಣ್ಣದ ಹಲ್ಲು ಮುಟ್ಟಬಾರದು. ಎಂಟು ಚಿಪ್ಪಿನದು ಈ ಕಡೆ, ಒಂಬತ್ತರದು ಆ ಕಡೆ. ಅವನ ತಾಯಿಯ ಕೈ ನಮ್ಮೆಲ್ಲರಿಗಿಂತ ಚುರುಕಾಗಿ ಓಡಿತು. 'ಸೊಪ್ಪಿನಂಗೆ ಗಬ್ಬು ನಾರಾಕಿಲ್ಲ, ಇದೇ ವಾಸಿ ಕಣವ್ವ' ಎಂದು ನಕ್ಕರು.

ಗುಡ್ಡೆ ಹಾಕಿ ನೋಡಿದರೆ ಎಂಟು ಚಿಪ್ಪಿನದು ಸಣ್ಣ ಗುಡ್ಡೆ. ಅದರಲ್ಲೂ ಪರದೆ ಬಂದ ಮಾತ್ರಕ್ಕೆ ಒಳ್ಳೆಯದು ಎನ್ನುವ ಹಾಗಿಲ್ಲ. ನನ್ನ ಪೆನ್‌ಡ್ರೈವಿನಲ್ಲಿ ಒಂದು ಟೆಸ್ಟ್ ಪ್ರೋಗ್ರಾಂ ಇದೆ. ರ‍್ಯಾಮಿನ ಮೂಲೆಮೂಲೆಗೂ ಏನಾದರೊಂದು ಬರೆದು, ಬರೆದದ್ದೇ ವಾಪಸ್ ಬರುತ್ತದೆಯೇ ಎಂದು ಓದಿ ನೋಡುತ್ತದೆ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ನನಗೆ ಬೇಡ. ಬೋರ್ಡಿಗೆ ಎರಡು ಸ್ಲಾಟ್ ಇದ್ದುದರಿಂದ ಎರಡೆರಡಾಗಿ ಹಾಕಿದೆ. ನಡುವೆ ಕರೆಂಟು ಹೋಯಿತು. ಅವನು ಅಂಗಡಿಯ ಯುಪಿಎಸ್ ಹೊತ್ತುಕೊಂಡು ಬಂದ. ಅವನ ತಾಯಿ ಅವರೆಕಾಳಿನ ಸಾರಿಗೆ ಮುದ್ದೆ ಮಾಡಿ ಬಡಿಸಿದರು. ಉಂಡು ಬಂದು ಮತ್ತೆ ಪರದೆ ನೋಡುತ್ತ ಕೂತೆ. ಕೆಂಪು ಸಾಲು ಬಂದಾಗಲೆಲ್ಲ ಮೇಡಂ 'ಯಾ ಅಲ್ಲಾ' ಎನ್ನುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಗಟ್ಟಿ ಉಳಿದವು ಹದಿಮೂರು.

'ಇಪ್ಪತ್ನಾಕು ಬೇಕಲ್ಲ ಅಕ್ಕ' ಎಂದರು ಮೇಡಂ ಸಣ್ಣ ದನಿಯಲ್ಲಿ. ಆಮೇಲೆ, 'ಹೋಗ್ಲಿ ಬಿಡಿ, ನೀವೇನ್ ಮಾಡ್ತೀರಾ. ಆ ಹುಡುಗಿಗೆ ಏನ್ ಹೇಳೋದು ಅಂತ ಅಷ್ಟೇ' ಎಂದು ಮುಖ ಆ ಕಡೆ ತಿರುಗಿಸಿದರು.

ಬೋರ್ಡ್ ಬಿಚ್ಚಿ ಬುಟ್ಟಿಗೆ ತುಂಬೋಣವೆಂದು ಬಗ್ಗಿದೆ. ಪರದೆಯ ಮೇಲೆ ಹದಿನಾರು ಜಿಬಿ ಎಂದು ಇನ್ನೂ ನಿಂತಿತ್ತು. ಎರಡು ಸ್ಲಾಟು, ಎಂಟೂ ಎಂಟೂ ಹದಿನಾರು. ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದೇನೆ. ಹಾಗಾದರೆ ನಾಲ್ಕೂ ನಾಲ್ಕೂ?

'ಮೇಡಂ, ನನ್ ತಲೆಗೆ ಒಂದ್ ಕೊಡಿ' ಎಂದೆ.

'ಏನಾಯ್ತಕ್ಕ?'

ಆದದ್ದು ಇಷ್ಟೇ. ಒಂದೊಂದು ಕಂಪ್ಯೂಟರಿಗೆ ಒಂದೊಂದು ಎಂಟರದು ಎಂದು ನಾನು ಲೆಕ್ಕ ಹಾಕಿ ಕೂತಿದ್ದೆ. ಆದರೆ ಎಂಟರದನ್ನು ಹಾಕಿದ ಕಂಪ್ಯೂಟರಿನಿಂದ ಹಳೆಯ ನಾಲ್ಕರದು ಹೊರಗೆ ಬರುತ್ತದೆ. ಅದನ್ನು ಪಕ್ಕದ ಕಂಪ್ಯೂಟರಿನ ಖಾಲಿ ಸ್ಲಾಟಿಗೆ ಹಾಕಿದರೆ ಅಲ್ಲೂ ಎಂಟಾಯಿತು. ಒಂದು ಕೊಂಡರೆ ಎರಡು ಕಂಪ್ಯೂಟರು ಸರಿಯಾಗುತ್ತವೆ. ಇಪ್ಪತ್ತನಾಲ್ಕಕ್ಕೆ ಹನ್ನೆರಡು ಸಾಕು, ನಮ್ಮ ಹತ್ತಿರ ಹದಿಮೂರಿದೆ!

ಮೇಡಂಗೆ ಇನ್ನೊಂದು ಸಲ ಹೇಳಿದೆ. ಅರ್ಥವಾದ ತಕ್ಷಣ ನನ್ನ ಎರಡೂ ಕೈ ಹಿಡಿದುಕೊಂಡು ಜೋರಾಗಿ ನಕ್ಕರು. ಕಂಪಲಾಪುರದವನಿಗೆ ಏನೂ ತಿಳಿಯದಿದ್ದರೂ ಅವನೂ ನಕ್ಕ. ಇಡೀ ಲಾಟಿಗೆಂದು ತಂದಿದ್ದ ದುಡ್ಡಿನಲ್ಲಿ ಮುಕ್ಕಾಲು ಮೇಡಂ ಬ್ಯಾಗಿನಲ್ಲೇ ಉಳಿಯಿತು.

ಶನಿವಾರ ಬೆಳಿಗ್ಗೆಯೇ ಕೋಟೆಗೆ ಹೋದೆ. ಅಂದುಕೊಂಡಷ್ಟು ಸಲೀಸಾಗಲಿಲ್ಲ. ಖಾಲಿ ಸ್ಲಾಟುಗಳಲ್ಲಿ ಇಷ್ಟು ವರ್ಷದ ಧೂಳು ಗಟ್ಟಿ ಕೂತಿತ್ತು. ಬ್ರಷ್ಷಿನಲ್ಲಿ ಗುಡಿಸಿ, ರ‍್ಯಾಮಿನ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಉಜ್ಜಿ ಹೆಬ್ಬೆರಳು ಸುಲಿಯಿತು. ಮೂರು ಕಂಪ್ಯೂಟರುಗಳ ಎರಡನೆಯ ಸ್ಲಾಟು ಸತ್ತೇ ಹೋಗಿತ್ತು. ಅವಕ್ಕೆ ಎಂಟರದ್ದನ್ನೇ ಕೊಟ್ಟು ಜೋಡಿ ಬದಲಿಸಿದೆ. ಒಂದು ಹಳೆಯ ನಾಲ್ಕರದು ಪಕ್ಕದ್ದರ ಜೊತೆ ಹೊಂದಿಕೊಳ್ಳದೆ ಆ ಕಂಪ್ಯೂಟರು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿತ್ತು. ಹದಿಮೂರನೆಯದು ಅಲ್ಲಿಗೆ ಹೋಯಿತು. ಭಾನುವಾರ ಸಂಜೆ ಇಪ್ಪತ್ತನಾಲ್ಕನ್ನೂ ಒಟ್ಟಿಗೆ ಹಚ್ಚಿದಾಗ ಮೇಡಂ ಯಜಮಾನರು ಹೊಲಿಗೆ ನಿಲ್ಲಿಸಿ ಮೇಲೆ ಬಂದು ನೋಡಿ ಹೋದರು.

ಸೋಮವಾರ ಬಂದ ಏಜೆನ್ಸಿಯವನು ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ನೋಡಿದ. ಮೂರನೆಯದಕ್ಕೆ ಬಂದು ಹುಬ್ಬು ಗಂಟಿಕ್ಕಿದ. 'ಮೇಡಂ, ಇಲ್ಲಿ ಬಳಕೆಗೆ ಏಳು ಪಾಯಿಂಟ್ ಎಂಟು ಅಂತ ತೋರಿಸ್ತಿದೆ. ಎಂಟು ಇಲ್ವಲ್ಲ?'

ನನಗೆ ರೇಗಿತು. ಪರದೆಗೆ ಚಿತ್ರ ಮೂಡಿಸಲು ಕಂಪ್ಯೂಟರು ತಾನೇ ಚೂರು ಮೆಮೊರಿ ಎತ್ತಿಟ್ಟುಕೊಳ್ಳುತ್ತದೆ, ಎಲ್ಲ ಕಡೆಯೂ ಹಾಗೆಯೇ. 'ಸ್ವಾಮಿ, ಹಾಲು ಕಾಯಿಸಿದ್ರೆ ಪಾತ್ರೆಗೆ ಒಂಚೂರು ಅಂಟಲ್ವಾ?' ಎಂದು ಶುರು ಮಾಡಿದೆ. ಮೇಡಂ ಹಿಂದಿನಿಂದ ನನ್ನ ಸೊಂಟ ಚಿವುಟಿದರು. ಸುಮ್ಮನಾಗಿ, ಅದರ ಮೇಲಿನ ಸಾಲಿನಲ್ಲಿ ಎಂಟು ಎಂದೇ ಬರೆದಿರುವುದನ್ನು ಬೆರಳಿಟ್ಟು ತೋರಿಸಿದೆ. ಅವನು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಅಷ್ಟು ಹೊತ್ತೂ ಮೇಡಂ ಬಾಗಿಲಿನ ಚಿಲಕ ಹಿಡಿದು ನಿಂತಿದ್ದರು. ಒಳಗೆ ಬಂದು, 'ಸರಿ, ಪರವಾಗಿಲ್ಲ. ಅಪ್ರೂವ್ ಮಾಡ್ತೀನಿ' ಎಂದ. ಕಾಫಿ ಕೊಟ್ಟರೆ ಸಕ್ಕರೆ ಕಮ್ಮಿ ಎಂದ. ಎರಡು ಚಮಚ ಹಾಕಿಕೊಟ್ಟೆ.

ಪರೀಕ್ಷೆಯ ದಿನ ಏನಾದರೂ ಕೈ ಕೊಟ್ಟರೆ ಇರಲಿ ಎಂದು ನಾನೂ ಹೋಗಿದ್ದೆ. ಪರೀಕ್ಷೆ ನಡೆಯುವಾಗ ನಮ್ಮನ್ನು ಒಳಗೆ ಬಿಡುವುದಿಲ್ಲ, ಟೈಲರ್ ಅಂಗಡಿಯ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಬುತ್ತಿ ಗಂಟು. ಆ ಹುಡುಗಿಯ ತಾಯಿ ಎಂದು ಮೇಡಂ ಕಣ್ಣಲ್ಲೇ ತೋರಿಸಿದರು. ಆಕೆ ಮೇಲಿನ ಮೆಟ್ಟಿಲನ್ನೇ ನೋಡುತ್ತಿದ್ದಳು. ನನ್ನ ಕಿವಿಯೂ ಮೇಲೆಯೇ ಇತ್ತು. ಯಾವ ಕಂಪ್ಯೂಟರು ನಿಂತರೂ ಯಾರಾದರೂ ಕೂಗುತ್ತಾರೆ. ಯಾರೂ ಕೂಗಲಿಲ್ಲ. ಮೇಲಿನಿಂದ ಕೀಲಿಮಣೆಗಳ ಚಟಪಟ ಮಾತ್ರ ಕೇಳುತ್ತಿತ್ತು.

ಹುಡುಗಿ ಇಳಿದು ಬಂದಳು. ತಾಯಿ ಗಾಬರಿಯಿಂದ ಎದ್ದಳು.

'ಯಾಕವ್ವ ಬಂದ್ಬುಟ್ಟೆ? ಬುಡ್ನಿಲ್ವಾ?'

'ಮುಗೀತು ಕಣವ್ವ. ಎಲ್ಲಾ ಬರ್ದೆ.'

ತಾಯಿ ಮಗಳ ಮುಖ ನೋಡಿದಳು, ಮೆಟ್ಟಿಲು ನೋಡಿದಳು, ರಸ್ತೆಯ ಮೇಲಿನ ಬಿಸಿಲು ನೋಡಿದಳು. ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ.

'ಇಷ್ಟೇಯ?' ಎಂದಳು. 'ಇಷ್ಟಕ್ಕೇನವ್ವ ನಾವು ಓದ್ ವರ್ಸ ಅಷ್ಟ್ ದೂರ ಓಗಿ ಅತ್ಕಂಡ್ ಬಂದಿದ್ದು?'

ಬೆಂಚಿನ ಮೇಲೆ ಮಗಳನ್ನು ಕೂರಿಸಿ, ಬುತ್ತಿ ಬಿಚ್ಚಿ, ಮೊದಲ ತುತ್ತನ್ನು ತಾನೇ ತಿನ್ನಿಸಿದಳು.